ಒತ್ತಕ್ಷರ ಕೇಳಿಸುವ ಸ್ಟುಡಿಯೋ

ಕಾಸರಗೋಡು ಪೇಟೆಯಿಂದ ವಿದ್ಯಾನಗರದತ್ತ ಹೋಗುವಾಗ ಸಿಗುವ ಒಂದು ಒಳರಸ್ತೆಯಲ್ಲಿ, ಮಾಳಿಗೆ ಮನೆಯೊಂದರ ಮೇಲಂತಸ್ತಿನಲ್ಲಿ, ಒಬ್ಬ ಯುವ ಸಂಗೀತ ನಿರ್ಮಾಪಕರು ಪುಟ್ಟ ಧ್ವನಿಮುದ್ರಣ ಸ್ಟುಡಿಯೋ ನಡೆಸುತ್ತಿದ್ದಾರೆ. ಹೊರಗೆ ಫಲಕವಿಲ್ಲ. ಅದು ಅವರ ವಾಸದ ಮನೆಯೂ ಆಗಿರುವುದರಿಂದ ಹೆಸರನ್ನಾಗಲಿ ವಿಳಾಸವನ್ನಾಗಲಿ ಇಲ್ಲಿ ಬರೆಯುತ್ತಿಲ್ಲ; ಪೇಟೆಯಲ್ಲಿ ರ‍್ಯಾಪ್ ಹಾಡುವ ಯಾರನ್ನು ಕೇಳಿದರೂ ದಾರಿ ಹೇಳುತ್ತಾರೆ. ಕಳೆದ ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಮೂರು ಹಾಡುಗಳ ಕೆಲಸಕ್ಕಾಗಿ ನಾನು ಅಲ್ಲಿಗೆ ಆರು ಸಲ ಹೋಗಿದ್ದೇನೆ. ನಾನು ಹಾಡುವವನಲ್ಲ, ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಕನ್ನಡ ಕಲಿಸುವವನು. ಹಾಡಿದವರು ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು, ಒಬ್ಬ ಹುಡುಗ ಮತ್ತು ಒಬ್ಬಳು ಹುಡುಗಿ. ಅವರು ಬರೆದ ಸಾಲುಗಳನ್ನು ತಿದ್ದಲು ಕೂತವನು ಕೊನೆಗೆ ಧ್ವನಿಮುದ್ರಣದ ತನಕವೂ ಜೊತೆಗೆ ನಡೆದೆ.

ಈ ಊರಿನಲ್ಲಿ ಕನ್ನಡ ರ‍್ಯಾಪ್ ಬರೆಯುವವರ ಇಕ್ಕಟ್ಟನ್ನು ಮೊದಲು ಹೇಳಬೇಕು. ತೆಂಕಿನಿಂದ ಮಲಯಾಳದ ಹಿಪ್‌ಹಾಪ್ ಬಲವಾಗಿ ಬೀಸುತ್ತಿದೆ. ಸ್ಟ್ರೀಟ್ ಅಕಾಡೆಮಿಕ್ಸ್ ತಂಡದಿಂದ ಹಿಡಿದು ಡಾಬ್ಜಿ, ವೇಡನ್ ಅವರವರೆಗೆ ಇಲ್ಲಿನ ಮಕ್ಕಳು ಎಲ್ಲರನ್ನೂ ಕೇಳಿ ಬೆಳೆದಿದ್ದಾರೆ. ಬೆಂಗಳೂರಿನಿಂದ ಆಲ್ ಓಕೆ, ಚಂದನ್ ಶೆಟ್ಟಿ ಮುಂತಾದವರ ಕನ್ನಡ ರ‍್ಯಾಪ್ ಬರುತ್ತದೆ, ಆದರೆ ಆ ಕನ್ನಡ ನಮ್ಮ ಮಕ್ಕಳ ಬಾಯಿಯ ಕನ್ನಡವಲ್ಲ. ಹೀಗಾಗಿ ಇವರಿಬ್ಬರೂ ಮೊದಲು ಬರೆದ ಸಾಲುಗಳಲ್ಲಿ ಲಯ ಮಲಯಾಳದ್ದೂ ಮಾತು ಬೆಂಗಳೂರಿನದ್ದೂ ಆಗಿತ್ತು. ಮನೆಯಲ್ಲಿ ‘ಎಂತ’, ‘ಉಂಟು’, ‘ಮಾರಾಯ’ ಎನ್ನುವ ಹುಡುಗ ಮೈಕಿನ ಮುಂದೆ ನಿಂತಾಗ ‘ಏನು’, ‘ಇದೆ’, ‘ಗುರು’ ಎನ್ನುತ್ತಿದ್ದ.

ಅದನ್ನು ಮೊದಲು ಎತ್ತಿ ತೋರಿಸಿದವರು ಸ್ಟುಡಿಯೋದ ಮಾಲಕರೇ. ಅವರ ಮನೆಮಾತು ಮಲಯಾಳ. ಚಂದ್ರಗಿರಿ ಹೊಳೆಯ ಆಚೆಯವರು. ಕನ್ನಡ ಅರ್ಥವಾಗುತ್ತದೆ, ಅಕ್ಷರ ಓದಲು ಬರುವುದಿಲ್ಲ. ಮೊದಲ ದಿನ ಅವರು ಮೈಕನ್ನು ಮುಟ್ಟಲೇ ಇಲ್ಲ. ಹಾಡಿನ ಸಾಲುಗಳನ್ನು ಬೀಟ್, ಅಂದರೆ ಹಿನ್ನೆಲೆಯ ತಾಳ-ವಾದ್ಯ, ಇಲ್ಲದೆ, ಮಾತಾಡುವ ಹಾಗೆ ಓದಿಸಿದರು, ಎರಡನೆಯ ಸಲ ಕೈತಾಳ ಹಾಕಿ ಓದಿಸಿದರು. ಆಮೇಲೆ ಹುಡುಗನನ್ನು ನೋಡಿ, ‘ನೀನು ಹೊರಗೆ ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡಿದ ಕನ್ನಡ ಇದಲ್ಲವಲ್ಲ’ ಎಂದು ಕೇಳಿದರು. ಹುಡುಗ ನನ್ನ ಮುಖ ನೋಡಿದ. ‘ಮಾಷ್ಟ್ರೇ, ಉಂಟು ಅಂತ ಬರೆದರೆ ತಪ್ಪಾಗುವುದಿಲ್ಲವಾ?’ ಎಂಬುದು ಅವನ ಪ್ರಶ್ನೆಯಾಗಿತ್ತು. ಎಷ್ಟೋ ವರ್ಷ ಉತ್ತರಪತ್ರಿಕೆಗಳಲ್ಲಿ ಆ ಪದಕ್ಕೆ ಕೆಂಪು ಗೆರೆ ಎಳೆದವನು ನಾನು. ಆ ದಿನ ಸಂಜೆ ಮೂವರೂ ಕೂತು ಎರಡು ಹಾಡುಗಳನ್ನು ಮನೆಮಾತಿಗೆ ತಿರುಗಿಸಿದೆವು. ಆ ಎರಡು ಗಂಟೆಗೆ ಅವರು ಹಣ ತೆಗೆದುಕೊಳ್ಳಲಿಲ್ಲ.

ಇನ್ನು ಧ್ವನಿಮುದ್ರಣದ ಗುಣ. ಈ ಸ್ಟುಡಿಯೋದ ಬಗ್ಗೆ ಬರೆಯಲೇಬೇಕೆಂದು ನನಗೆ ಅನಿಸಿದ್ದೇ ಇದಕ್ಕಾಗಿ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಕನ್ನಡದ ಒತ್ತಕ್ಷರ ಉಚ್ಚಾರವಾಗುವಾಗ ನಾಲಗೆ ಒಂದು ಕ್ಷಣ ತಡೆದು ನಿಲ್ಲುತ್ತದೆ. ಆ ಕ್ಷಣದ ಮೌನವೇ ‘ಕತ್ತೆ’ಯನ್ನು ‘ಕತೆ’ಯಿಂದ ಬೇರೆ ಮಾಡುವುದು. ಧ್ವನಿಗೆ ಹೆಚ್ಚು ಪ್ರತಿಧ್ವನಿ ಸೇರಿಸಿದರೆ ಹಿಂದಿನ ಸ್ವರದ ಬಾಲ ಬಂದು ಆ ಮೌನವನ್ನು ತುಂಬಿಬಿಡುತ್ತದೆ. ಜೋರಾದ ಸದ್ದನ್ನು ಹಿಡಿದು ತಗ್ಗಿಸುವ ಕಂಪ್ರೆಸರ್ ಎಂಬ ಸಲಕರಣೆಯನ್ನು ಅತಿ ವೇಗವಾಗಿ ಹಿಡಿಯುವಂತೆ ಇಟ್ಟರೆ ಮೌನದ ನಂತರ ಸಿಡಿದು ಬರುವ ವ್ಯಂಜನದ ಮೊನೆ ಮೊಂಡಾಗುತ್ತದೆ. ಹಾಗೆಯೇ ‘ಬಳಿ’ ಮತ್ತು ‘ಬಲಿ’ಗಳ ನಡುವಿನ ವ್ಯತ್ಯಾಸ ವೇಗದ ಸಾಲಿನಲ್ಲಿ ಸುಲಭವಾಗಿ ಕಳೆದುಹೋಗುತ್ತದೆ. ಬೇರೆ ಭಾಷೆಯ ಗಂಟಲಿಗೆಂದು ಯಾರೋ ಮಾಡಿಟ್ಟ ತಯಾರು ಅಳತೆಗಳನ್ನು ಕಂಪ್ಯೂಟರಿನಲ್ಲಿ ಒತ್ತಿ ಮಿಕ್ಸ್, ಅಂದರೆ ಧ್ವನಿಯನ್ನೂ ವಾದ್ಯಗಳನ್ನೂ ಹದವಾಗಿ ಬೆರೆಸುವ ಕೆಲಸ, ಮುಗಿಸುವವರ ಕೈಯಲ್ಲಿ ಕನ್ನಡ ರ‍್ಯಾಪ್ ಸೊಗಸಾಗಿ ಕೇಳಿಸಿದರೂ ಏನು ಹೇಳುತ್ತಿದ್ದಾರೆಂದು ತಿಳಿಯದಂತಾಗುವುದು ಈ ಕಾರಣದಿಂದಲೇ.

ಇಲ್ಲಿ ಆ ತೊಂದರೆ ಇಲ್ಲ. ಹಾಡಿನ ಸಾಲುಗಳನ್ನು ಮಾಲಕರು ಮಲಯಾಳ ಲಿಪಿಯಲ್ಲಿ ಬರೆದುಕೊಳ್ಳುತ್ತಾರೆ. ಮಲಯಾಳದಲ್ಲಿಯೂ ಒತ್ತಕ್ಷರ, ಮಹಾಪ್ರಾಣ, ಳಕಾರ ಎಲ್ಲವೂ ಇರುವುದರಿಂದ ಕನ್ನಡದ ಒಂದು ಅಕ್ಷರವೂ ಆ ಹಾಳೆಯಲ್ಲಿ ಕೆಡುವುದಿಲ್ಲ. ಎಲ್ಲಿ ವ್ಯಂಜನ ಗಟ್ಟಿಯಾಗಿ ಬೀಳಬೇಕೋ ಅಲ್ಲಿ ನೀಲಿ ಚುಕ್ಕೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಗೆರೆ. ಟೇಕ್, ಅಂದರೆ ಒಂದು ಸಲದ ಮುದ್ರಣ, ಮುಗಿದ ಮೇಲೆ ಕಣ್ಣು ಮುಚ್ಚಿ ಕೇಳಿ, ಚುಕ್ಕೆಯಿದ್ದ ಅಕ್ಷರ ಕೇಳಿಸದಿದ್ದರೆ ಆ ಅರ್ಧ ಸಾಲನ್ನಷ್ಟೇ ಮತ್ತೆ ಹಾಡಿಸುತ್ತಾರೆ. ನಾಲ್ಕು ಪೆಟ್ಟಿನ ಒಂದೇ ಬಾರ್‌ಗೆ ಹನ್ನೊಂದು ಟೇಕ್ ಆದದ್ದೂ ಉಂಟು. ಅವರ ಮುಖದಲ್ಲಿ ಬೇಸರ ಕಾಣಲಿಲ್ಲ.

ಪ್ರಾಸದ ವಿಷಯವೂ ಇದಕ್ಕೆ ಸೇರಿದ್ದೇ. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ. ‘ಅಲ್ಲಿ’, ‘ಇಗೆ’, ‘ಇಂದ’ ಎಂಬ ವಿಭಕ್ತಿ ಪ್ರತ್ಯಯಗಳನ್ನೇ ಸಾಲಿನ ತುದಿಗೆ ಇಟ್ಟರೆ ಅಂತ್ಯಪ್ರಾಸ ಶ್ರಮವಿಲ್ಲದೆ ಸಿಗುತ್ತದೆ, ಅಷ್ಟೇ ಬೇಗ ಸಪ್ಪೆಯೂ ಆಗುತ್ತದೆ. ನಮ್ಮ ಹಳೆಯ ಕವಿಗಳು ನೆಚ್ಚಿದ್ದು ಸಾಲಿನ ಎರಡನೆಯ ಅಕ್ಷರದ ಪ್ರಾಸವನ್ನು. ಆ ಆದಿಪ್ರಾಸದ ಕಟ್ಟನ್ನು ಧೈರ್ಯವಾಗಿ ಬಿಟ್ಟವರು ಇದೇ ಜಿಲ್ಲೆಯ ಮಂಜೇಶ್ವರದ ಗೋವಿಂದ ಪೈಗಳು, ಮತ್ತು ಅವರು ಬಿಟ್ಟದ್ದು ಹೊಸಗನ್ನಡ ಕಾವ್ಯಕ್ಕೆ ಒಳ್ಳೆಯದನ್ನೇ ಮಾಡಿತು. ಆದರೆ ರ‍್ಯಾಪ್‌ನಲ್ಲಿ ಬೀಟಿನ ಪೆಟ್ಟು ಸಾಲಿನ ಮೊದಲಲ್ಲೇ ಬೀಳುವಾಗ ಅದೇ ಆದಿಪ್ರಾಸ ಎಷ್ಟು ಚೆನ್ನಾಗಿ ಕೂಡುತ್ತದೆಂಬುದನ್ನು ನಾನು ತರಗತಿಯಲ್ಲಿ ಕಂಡಿರಲಿಲ್ಲ, ಈ ಕೋಣೆಯಲ್ಲಿ ಕಂಡೆ. ಹುಡುಗಿ ಬರೆದ ಎರಡು ಸಾಲು ಹೀಗಿವೆ:

ಗಡಿ ಉಂಟು ಕಾಗದದಲ್ಲಿ, ಹೊಳೆಗೆಂತ ಗಡಿ
ನುಡಿ ಉಂಟು ನಾಲಗೆಯಲ್ಲಿ, ಚೆಂಡೆಗೆ ಬಡಿ

ಮಿಕ್ಸ್ ಮಾಡುವಾಗ ಅವರು ಸಾಲಿನ ಮೊದಲಿಗೆ ಬರುವ ಎರಡು ‘ಡಿ’ಗಳನ್ನೂ ಡಬಲ್ ಮಾಡಿದರು, ಅಂದರೆ ಅದೇ ಪದವನ್ನು ಇನ್ನೊಮ್ಮೆ ಹಾಡಿಸಿ ಕೆಳದನಿಯಲ್ಲಿ ಅಡಿಗೆ ಇಟ್ಟರು, ಸಾಲಿನ ತುದಿಯನ್ನು ಹಾಗೆಯೇ ಬಿಟ್ಟರು. ಆದಿಪ್ರಾಸ ಎಂಬ ಪದವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಚೆಂಡೆಯ ಪ್ರಸಂಗವನ್ನೂ ಹೇಳಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆ ಇಲ್ಲಿಗೆ ಹತ್ತಿರ, ಹುಡುಗ ಎಳವೆಯಿಂದ ತೆಂಕುತಿಟ್ಟಿನ ಆಟ ನೋಡಿದವನು. ಮೂರನೆಯ ಹಾಡಿನಲ್ಲಿ ಮರಳಿ ಮರಳಿ ಬರುವ ಹುಕ್‌ಗೆ ಚೆಂಡೆ ಬೇಕೇ ಬೇಕೆಂದು ಹಟ ಹಿಡಿದ. ಅಂತರ್ಜಾಲದಲ್ಲಿ ಸಿಗುವ ಚೆಂಡೆಯ ತುಣುಕೊಂದನ್ನು ಕತ್ತರಿಸಿ ಅಂಟಿಸಿದ್ದರೆ ಅರ್ಧ ಗಂಟೆಯ ಕೆಲಸವಾಗುತ್ತಿತ್ತು. ಮಾಲಕರು ಒಪ್ಪಲಿಲ್ಲ. ಪರಿಚಯದ ಮದ್ದಳೆಗಾರರೊಬ್ಬರನ್ನು ಕರೆಸಿ, ಅಂಗಳದಲ್ಲಿ ಕೂರಿಸಿ, ಧ್ವನಿಗೆ ಬಳಸುವ ಸೂಕ್ಷ್ಮ ಕಂಡೆನ್ಸರ್ ಮೈಕನ್ನು ಬದಿಗಿಟ್ಟು, ದೊಡ್ಡ ಸದ್ದನ್ನು ತಾಳಿಕೊಳ್ಳುವ ಡೈನಮಿಕ್ ಮೈಕನ್ನು ಒಂದು ಮಾರು ದೂರದಲ್ಲಿ ನಿಲ್ಲಿಸಿ ಅವರು ಬಾರಿಸಿದ ಚೆಂಡೆಯನ್ನು ಮುದ್ರಿಸಿಕೊಂಡರು. ಬೀಟಿನದ್ದು ನಾಲ್ಕು ಪೆಟ್ಟಿನ ಆವರ್ತ. ಹುಡುಗ ಬಯಸಿದ್ದು ಏಳಕ್ಷರದ ತ್ರಿವುಡೆ ತಾಳ. ಎರಡನ್ನೂ ಬಲವಂತವಾಗಿ ಹೊಂದಿಸುವ ಬದಲು ಹುಕ್ ಬಂದಾಗ ಡ್ರಮ್ಮನ್ನೇ ನಿಲ್ಲಿಸಿ, ಏಳೇಳು ಪೆಟ್ಟಿನ ನಾಲ್ಕು ಆವರ್ತಗಳಿಗೆ ಸರಿಯಾಗಿ ಇಪ್ಪತ್ತೆಂಟು ಪೆಟ್ಟು, ಅಂದರೆ ನಾಲ್ಕರ ಲೆಕ್ಕದಲ್ಲಿ ಏಳು ಬಾರ್, ಎಂದು ಕಾಗದದಲ್ಲಿ ಲೆಕ್ಕ ಹಾಕಿ, ಚೆಂಡೆಯ ಕೊನೆಯ ಪೆಟ್ಟು ಮುಗಿದಲ್ಲಿಂದಲೇ ಡ್ರಮ್ ಮತ್ತೆ ಏಳುವಂತೆ ಜೋಡಿಸಿದರು. ಚೆಂಡೆಯ ಚೂಪಾದ ನಾದವೂ ಬಾಯಿಯ ವ್ಯಂಜನಗಳೂ ಹೆಚ್ಚುಕಡಿಮೆ ಒಂದೇ ಎತ್ತರದ ಕಂಪನಗಳಲ್ಲಿ ಬರುವುದರಿಂದ, ಹುಡುಗಿ ಹಾಡುವಾಗ ಮಾತ್ರ ಆ ಭಾಗದಲ್ಲಿ ಚೆಂಡೆಯನ್ನು ಸ್ವಲ್ಪ ತಗ್ಗಿಸಿದರು. ಮದ್ದಳೆಗಾರರು ಅದನ್ನು ಕೇಳಿ, ತಲೆದೂಗಿ, ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದರು.

ದರದ ವಿವರ. ಧ್ವನಿಮುದ್ರಣಕ್ಕೆ ಗಂಟೆಗೆ 500 ರೂಪಾಯಿ, ಮಿಕ್ಸ್ ಮತ್ತು ಮಾಸ್ಟರ್ (ಬಿಡುಗಡೆಗೆ ಮುನ್ನದ ಕೊನೆಯ ಹದ) ಸೇರಿ ಹಾಡೊಂದಕ್ಕೆ 3,000 ರೂಪಾಯಿ. ನಮಗೆ ಒಂಬತ್ತು ಗಂಟೆ ಬೇಕಾಯಿತು, ಒಟ್ಟು 13,500 ರೂಪಾಯಿ ಕೊಟ್ಟೆವು; ಚೆಂಡೆಯವರ ಸಂಭಾವನೆ ಬೇರೆ. ಹಾಡುಗಳನ್ನು 24 ಬಿಟ್‌ನ ವೇವ್ ಕಡತಗಳಾಗಿ ಕೊಟ್ಟರು. ವೇದಿಕೆಯಲ್ಲಿ ಹಾಡಲು ಧ್ವನಿಯಿಲ್ಲದ ಬೀಟ್ ಒಂದು, ಮುಂದೆ ಬೇರೆಯವರು ಮಿಕ್ಸ್ ಮಾಡುವುದಾದರೆ ಬೇಕಾಗುವ ಬಿಡಿ ಟ್ರ್ಯಾಕ್‌ಗಳೆಲ್ಲ ಇನ್ನೊಂದು. ಇವನ್ನು ಕೇಳದೆಯೇ ಕೊಟ್ಟದ್ದು ದೊಡ್ಡ ವಿಷಯ.

ಕೊರತೆಗಳೂ ಇವೆ. ಸ್ಟುಡಿಯೋದ ಮಾಡಿಗೆ ಶೀಟು ಹಾಕಿದ್ದಾರೆ. ಆಟಿಯ ಮಳೆ ಹೊಡೆಯಲು ತೊಡಗಿದರೆ, ಗೋಡೆಗೆ ರಾಕ್‌ವುಲ್ ಹಲಗೆ ಬಡಿದಿದ್ದರೂ, ಮೈಕ್ ಅದನ್ನು ಹಿಡಿಯುತ್ತದೆ. ಜುಲೈಯಲ್ಲಿ ನಮ್ಮ ಎರಡು ದಿನ ಹೀಗೆ ಹಾಳಾದವು. ಹಣ ತೆಗೆದುಕೊಳ್ಳಲಿಲ್ಲ, ಆದರೆ ಬದಿಯಡ್ಕದಿಂದ ಬಸ್ಸು ಹಿಡಿದು ಬಂದ ಮಕ್ಕಳ ದಿನ ಹೋಯಿತು. ಮಳೆಗಾಲದಲ್ಲಿ ಮುದ್ರಣಕ್ಕೆ ಒಪ್ಪಿಕೊಳ್ಳುವುದಿಲ್ಲವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಿಕ್ಸ್ ಹತ್ತು ದಿನದಲ್ಲಿ ಸಿಗುತ್ತದೆಂದು ಹೇಳಿದ್ದು ಇಪ್ಪತ್ತಾರು ದಿನವಾಯಿತು; ನಡುವೆ ಫೋನು ಮಾಡಿದಾಗಲೆಲ್ಲ ಸೌಜನ್ಯದ ಉತ್ತರ ಬಂತು, ಕೆಲಸ ಬರಲಿಲ್ಲ.

ಇವೆರಡಕ್ಕಿಂತ ನನಗೆ ಹೆಚ್ಚು ನೋವಾದದ್ದು ಸಮಯದ ಏರ್ಪಾಡಿನಿಂದ. ಹೆಚ್ಚಿನ ಕಲಾವಿದರು ಹಗಲು ಬೇರೆ ಕೆಲಸ ಮಾಡುವವರಾದ್ದರಿಂದ ಸ್ಟುಡಿಯೋ ರಾತ್ರಿ ಎಂಟರ ಮೇಲೆಯೇ ತುಂಬಿರುತ್ತದೆ. ಹಗಲಿನ ಹೊತ್ತು ಕೇಳಿದರೆ ಮೂರು ವಾರ ಕಾಯಬೇಕು. ರಾತ್ರಿ ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಕಡೆಗೆ ಬಸ್ಸು ಸಿಗುವುದು ಕಷ್ಟ, ಮತ್ತು ಹದಿನೆಂಟು ವರ್ಷದ ಹುಡುಗಿಯನ್ನು ಆ ಹೊತ್ತಿಗೆ ಕಳುಹಿಸಲು ಮನೆಯವರು ಒಪ್ಪುವುದಿಲ್ಲ. ನಮ್ಮ ಹುಡುಗಿಯ ಜೊತೆ ಎರಡು ಸಲ ಅವಳ ತಾಯಿ ಬಂದು ಕೆಳಗಿನ ಜಗಲಿಯಲ್ಲಿ ಕೂತಿದ್ದರು. ಪೇಟೆಯ ಹಿಪ್‌ಹಾಪ್ ಕೂಟಗಳಲ್ಲಿ ಹುಡುಗಿಯರು ಏಕೆ ಕಾಣಿಸುವುದಿಲ್ಲವೆಂದು ಕೇಳುವವರು ಈ ಜಗಲಿಯನ್ನು ನೋಡಬೇಕು. ವಾರದಲ್ಲಿ ಒಂದು ಹಗಲನ್ನು ಹಳ್ಳಿಯಿಂದ ಬರುವವರಿಗೆಂದು ಕಾದಿರಿಸಿದರೂ ಸಾಕು. ಈ ಮಾತನ್ನು ಮಾಲಕರಿಗೆ ಹೇಳಿದ್ದೇನೆ, ಅವರು ಯೋಚಿಸುವುದಾಗಿ ಹೇಳಿದ್ದಾರೆ.

ಕೊನೆಯದು ಕಾಗದದ ವಿಷಯ. ಈ ಮೂರಕ್ಕೂ ಮೊದಲಿನ ನಮ್ಮ ಹಾಡೊಂದನ್ನು ಎರಡು ವರ್ಷದ ಹಿಂದೆ ಬೇರೊಂದು ಕಡೆ ಮಾಡಿಸಿದ್ದೆವು. ಅಲ್ಲಿ ಕೊಟ್ಟ ಬೀಟ್ ಅವರದ್ದೇ ಎಂದು ನಂಬಿದ್ದೆವು. ಹಾಡನ್ನು ಯೂಟ್ಯೂಬಿಗೆ ಏರಿಸಿದ ಮೂರನೆಯ ದಿನ ಹಕ್ಕುಸ್ವಾಮ್ಯದ ತಕರಾರು ಬಂತು. ಅದೇ ಬೀಟನ್ನು ಬಾಡಿಗೆ ಪರವಾನಗಿಯಲ್ಲಿ ಎಷ್ಟೋ ಮಂದಿಗೆ ಮಾರಲಾಗಿತ್ತು. ಹುಡುಗ ಅತ್ತುಬಿಟ್ಟಿದ್ದ. ಈ ಸ್ಟುಡಿಯೋದ ಬೀಟ್‌ಗಳು ಹೊಸದಾಗಿ ಕಟ್ಟಿದವು, ನಮ್ಮ ಕಣ್ಣೆದುರೇ ಕಟ್ಟಿದವು, ಅದರಲ್ಲಿ ಅನುಮಾನವಿಲ್ಲ. ಆದರೆ ಒಪ್ಪಂದ ಬಾಯಿಮಾತಿನದ್ದು. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಿರಬೇಕು. ಬೀಟ್ ಕಟ್ಟಿದವರಿಗೆ ಎಷ್ಟು, ಸಾಹಿತ್ಯ ಬರೆದವರಿಗೆ ಎಷ್ಟು ಎಂಬುದು ಕಾಗದದಲ್ಲಿ ಇಲ್ಲದಿದ್ದರೆ ನಾಳೆ ಸ್ನೇಹವೂ ಹಾಡೂ ಎರಡೂ ಕೆಡುತ್ತವೆ. ಇದು ಹಾಡುವವರ ರಕ್ಷಣೆಗೆ ಮಾತ್ರ ಬೇಕಾದದ್ದಲ್ಲ. 2024ರಲ್ಲಿ ರ‍್ಯಾಪ್ ಗಾಯಕ ಹನುಮಾನ್‌ಕೈಂಡ್ ಅವರ ಹಾಡು ಲೋಕ ಸುತ್ತಿದಾಗ ಅದರ ನಿರ್ಮಾಪಕ ಕಲ್ಮಿ ಅವರ ಹೆಸರೂ ಜೊತೆಗೇ ಸುತ್ತಿತು. ನಮ್ಮ ಊರಿನಲ್ಲಿ ಬೀಟ್ ಕಟ್ಟುವವರ ಹೆಸರು ಹಾಡಿನ ವಿವರಣೆಯ ಕೊನೆಯ ಸಾಲಿನಲ್ಲಿಯೂ ಇರುವುದಿಲ್ಲ. ನಮ್ಮ ಮೂರು ಹಾಡುಗಳಲ್ಲಿ ಮಾಲಕರ ಹೆಸರನ್ನು ಹಾಡಿದವರ ಹೆಸರಿನ ಪಕ್ಕದಲ್ಲೇ ಹಾಕಿದ್ದೇವೆ. ಅವರು ಬೇಡವೆಂದರು, ಹುಡುಗಿ ಕೇಳಲಿಲ್ಲ.

ಹಾಡುಗಳು ಹೊರಬಂದ ಮೇಲೆ ನಾನು ಅವನ್ನು ಶಾಲೆಯ ಒಂಬತ್ತನೆಯ ತರಗತಿಯಲ್ಲಿ, ಸಾಹಿತ್ಯದ ಹಾಳೆ ಕೊಡದೆ, ಹಳೆಯ ಸ್ಪೀಕರೊಂದರಲ್ಲಿ ಹಾಕಿ, ಕೇಳಿದ್ದನ್ನು ಬರೆಯಲು ಹೇಳಿದೆ. ಹೆಚ್ಚಿನ ಮಕ್ಕಳು ಒತ್ತಕ್ಷರ ಸಹಿತ ಸರಿಯಾಗಿ ಬರೆದರು. ಎರಡು ವರ್ಷದ ಹಿಂದಿನ ಹಾಡಿಗೆ ಇದೇ ಪರೀಕ್ಷೆ ಮಾಡಿದಾಗ ಅರ್ಧ ಸಾಲುಗಳು ಖಾಲಿ ಉಳಿದಿದ್ದವು.

ಈ ಸ್ಟುಡಿಯೋದಲ್ಲಿ ನಮ್ಮ ನಾಲ್ಕನೆಯ ಹಾಡಿಗೆ ಡಿಸೆಂಬರಿನ ಎರಡು ಹಗಲುಗಳನ್ನು ಈಗಲೇ ಗೊತ್ತುಮಾಡಿಕೊಂಡಿದ್ದೇವೆ. ಒಪ್ಪಂದದ ಕಾಗದವನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ನಾವೇ ಬರೆದು ಕೊಂಡುಹೋಗುತ್ತೇವೆ.