ಸ್ಟೋರಿವೀವರ್: ಕನ್ನಡ ಓದಲು ಕಲಿಯುವ ಮಕ್ಕಳಿಗೆ ಹೇಗಿದೆ?

ಮಗಳು ಒಂದನೇ ಕ್ಲಾಸಿಗೆ ಸೇರಿದಾಗಿನಿಂದ ಸ್ಟೋರಿವೀವರ್ ಬಳಸುತ್ತಿದ್ದೇವೆ. ಈಗ ಅವಳು ಮೂರನೇ ಕ್ಲಾಸು. ಬೆಂಗಳೂರಿನ ಪ್ರಥಮ್ ಬುಕ್ಸ್ ಅನ್ನೋ ಮಕ್ಕಳ ಪುಸ್ತಕ ಪ್ರಕಾಶನ ಸಂಸ್ಥೆ 2015ರಲ್ಲಿ ಶುರು ಮಾಡಿದ ಮಕ್ಕಳ ಕಥೆಗಳ ವೆಬ್‌ತಾಣ ಇದು. ಪೂರ್ತಿ ಉಚಿತ, ಜಾಹೀರಾತಿನ ಕಾಟ ಇಲ್ಲ. ಕನ್ನಡ ಕಥೆಗಳು ಬೇಕಾದಷ್ಟಿವೆ, ಚಿತ್ರಗಳಂತೂ ತುಂಬಾ ಚೆಂದ.

ಕಥೆಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಒಂದನೇ ಹಂತದಲ್ಲಿ 250 ಪದದೊಳಗಿನವು, ಎರಡರಲ್ಲಿ 600ರವರೆಗೆ, ಮೂರರಲ್ಲಿ 1500ರವರೆಗೆ. ಅಂದರೆ ಕಥೆ ಎಷ್ಟು ಉದ್ದ, ವಾಕ್ಯ ಎಷ್ಟು ಸರಳ ಅನ್ನೋದರ ಮೇಲೆ ಹಂತ. ಆದರೆ ಕನ್ನಡ ಓದುವ ಮಗು ತಡವರಿಸುವುದು ಉದ್ದಕ್ಕಲ್ಲ, ಒತ್ತಕ್ಷರಕ್ಕೆ. ಪುಟದಲ್ಲಿ ಆರೇ ಪದ ಇದ್ದರೂ ಅದರಲ್ಲಿ 'ಸೂರ್ಯ' ಬಂದರೆ ಮುಗೀತು. ಅರ್ಕಾವತ್ತು ಕಾಣುವುದು 'ಯ' ಆದ ಮೇಲೆ, ಓದಬೇಕಾದ್ದು ಅದಕ್ಕೂ ಮುಂಚೆ! ನನ್ನ ಮಗಳು 'ಸೂಯ' ಅಂತ ಓದಿ, ಆ ಕೊನೆಯ ಗುರುತಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡುತ್ತಿದ್ದಳು.

ಹಾಗಾಗಿ ಒಂದನೇ ಹಂತ ಅಂದ ಮಾತ್ರಕ್ಕೆ ಫೋನ್ ಮಗುವಿನ ಕೈಗೆ ಕೊಟ್ಟು ಎದ್ದು ಹೋಗಬೇಡಿ. ಮೊದಲು ನೀವು ಕಣ್ಣಾಡಿಸಿ. ಮನೆ, ಮರ, ಹಾವು ಇಂಥ ಪದಗಳೇ ಜಾಸ್ತಿ ಇರುವ ಕಥೆ ಆರಿಸಿ. ಅಕ್ಕ, ಬೆಕ್ಕು ತರಹದ ಸಜಾತಿ ಒತ್ತು ಆಮೇಲೆ. ಪುಸ್ತಕ, ಸೂರ್ಯ ಎಲ್ಲ ಕೊನೆಗೆ.

ರೀಡ್‌ಅಲಾಂಗ್ ಕಥೆಗಳಲ್ಲಿ ದನಿ ಓದುತ್ತಾ ಹೋದಂತೆ ಪದ ಎದ್ದು ಕಾಣುತ್ತದೆ. ಒಂದು ಸಲ ಕೇಳಲಿ, ಆಮೇಲೆ ಮ್ಯೂಟ್ ಮಾಡಿ. ಇಲ್ಲದಿದ್ದರೆ ಮಕ್ಕಳು ಸುಮ್ನೆ ಬಾಯಿಪಾಠ ಒಪ್ಪಿಸುತ್ತಾರೆ, ಕಣ್ಣು ಅಕ್ಷರದ ಮೇಲೆ ಇರುವುದೇ ಇಲ್ಲ.

ನಮಗೆ ಹೆಚ್ಚು ಒದಗಿದ್ದು ಪಿಡಿಎಫ್. ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಇರುವುದರಿಂದ ಪ್ರಿಂಟ್ ತೆಗೆಸಲು ಅಡ್ಡಿಯಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪಿನಲ್ಲಿ ತೆಗೆಸಿ ಪಿನ್ ಹೊಡೆದರೆ ಪುಸ್ತಕ ರೆಡಿ. ಚಿತ್ರಕ್ಕೆ ಬಣ್ಣ ಹಚ್ಚೋದು ಅವಳ ಪಾಲಿನ ಕೆಲಸ. ತಡವರಿಸಿದ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾಳೆ. ಆ ಪದಗಳನ್ನೇ ಹೆಕ್ಕಿ ನಾನು ಉಕ್ತಲೇಖನ ಕೊಡುತ್ತೇನೆ.

ಹೋಂವರ್ಕಿಗೆ ನೇರ ಉಪಯೋಗ ಅಂತ ಏನೂ ಇಲ್ಲ. ಇದು ಪಠ್ಯಪುಸ್ತಕದ ಪಾಠಕ್ಕೆ ಜೋಡಿಸಿದ್ದಲ್ಲ, ಕಥೆ ಓದುವುದಕ್ಕೆ ಇರುವುದು. ಕಾಗುಣಿತ ಬರೆಸೋದು ನಮ್ಮ ಪಾಡೇ. ಎರಡೂ ಒಂದೇ ಸಂಜೆ ಆಗಬೇಕಿದ್ದರೆ ಕಥೆ ಮೊದಲು ಇಟ್ಟುಕೊಳ್ಳಿ. ಹೋಂವರ್ಕ್ ಮುಗಿಯೋ ಹೊತ್ತಿಗೆ ಆಕಳಿಕೆ ಶುರುವಾಗಿರುತ್ತದೆ, ಮಗುವಿಗೂ ನಮಗೂ.