ಓದಿನ ದಾಖಲೆ ಅಸೈನ್‌ಮೆಂಟ್: 20 ರೂಪಾಯಿ ಮಾರ್ಗದರ್ಶಿ ಎಲ್ಲಿವರೆಗೆ ಸಾಕು?

ಡಿ.ಎಲ್.ಇಡಿ (ಪ್ರಾಥಮಿಕ ಶಿಕ್ಷಕರ ತರಬೇತಿ ಡಿಪ್ಲೊಮಾ) ಪ್ರಶಿಕ್ಷಣಾರ್ಥಿಗಳಿಗೆ ಬುನಾದಿ ಸಾಕ್ಷರತೆಯಲ್ಲಿ ಕೊಡುವ ‘ಒಂದು ಮಗುವಿನ ಓದಿನ ದಾಖಲೆ’, ಅಂದರೆ ಮಗು ಗಟ್ಟಿಯಾಗಿ ಓದುವಾಗ ಪದಪದಕ್ಕೆ ಗುರುತು ಹಾಕಿ, ತಪ್ಪುಗಳನ್ನು ವಿಶ್ಲೇಷಿಸಿ, ಪಾಠಯೋಜನೆ ಬರೆಯುವ ಅಸೈನ್‌ಮೆಂಟಿಗೆ ವಿಜಯಪುರದ ಝೆರಾಕ್ಸ್ ಅಂಗಡಿಯೊಂದರಲ್ಲಿ ಎಂಟು ಪುಟದ ಮಾರ್ಗದರ್ಶಿ ಸಿಗುತ್ತದೆ. ದಾಖಲೆ ಮಾಡುವ ಕ್ರಮಕ್ಕೆ ಅದು ಚೆನ್ನಾಗಿದೆ. ವಿಶ್ಲೇಷಣೆಗೆ ಅದನ್ನು ನಂಬಿದರೆ ಅಂಕ ಹೋಗುತ್ತವೆ.

ಮೊದಲ ಮೂರು ಪುಟ ನಿಜವಾಗಿಯೂ ಉಪಯುಕ್ತ. ಮಗು ಹಿಂದೆ ಓದಿರದ ಗದ್ಯದ ಎರಡು ಪ್ರತಿ ಇರಲಿ, ಒಂದು ಮಗುವಿಗೆ, ಒಂದು ನಿಮಗೆ. ಸರಿಯಾಗಿ ಓದಿದ ಪದಕ್ಕೆ ಟಿಕ್, ಬಿಟ್ಟ ಪದಕ್ಕೆ ಅಡ್ಡಗೆರೆ, ತಪ್ಪಿದಲ್ಲಿ ಮಗು ಅಂದದ್ದನ್ನು ಹಾಗೇ ಮೇಲೆ ಬರೆಯಬೇಕು. ತಾನೇ ತಿದ್ದಿಕೊಂಡದ್ದು ತಪ್ಪಿನ ಲೆಕ್ಕಕ್ಕಿಲ್ಲ. ಒಟ್ಟು ಪದಗಳಲ್ಲಿ ತಪ್ಪು ಕಳೆದು ಶೇಕಡಾ ತೆಗೆದರೆ, 95 ಮತ್ತು ಮೇಲೆ ಸ್ವತಂತ್ರ ಓದು, 90ರಿಂದ 94 ಕಲಿಕೆಯ ಮಟ್ಟ (ಶಿಕ್ಷಕರ ನೆರವಿನಿಂದ ಓದಬಲ್ಲದು), ಅದಕ್ಕಿಂತ ಕೆಳಗೆ ಆ ಗದ್ಯ ಮಗುವಿಗೆ ಕಠಿಣ. ಇಷ್ಟು ಸ್ಪಷ್ಟವಾಗಿ ಅಸೈನ್‌ಮೆಂಟಿನ ಸೂಚನೆಯಲ್ಲೂ ಇರುವುದಿಲ್ಲ.

ದೊಡ್ಡ ಕೊರತೆ ಆಡುಮಾತಿನದು. ನಮ್ಮ ಕಡೆ ಮಗು ‘ಮನೆ’ಯನ್ನು ‘ಮನಿ’ ಎಂದು, ‘ಶಾಲೆ’ಯನ್ನು ‘ಸಾಲಿ’ ಎಂದು, ‘ಬರುತ್ತಾನೆ’ಯನ್ನು ‘ಬರ್ತಾನ’ ಎಂದು ಓದುತ್ತದೆ. ಅಕ್ಷರ ಗುರುತಿಸಿ, ಅರ್ಥ ಹಿಡಿದು, ತನ್ನ ಮಾತಿಗೆ ತಂದುಕೊಂಡಿದೆ ಅಂತಲೇ ಲೆಕ್ಕ. ಮಾರ್ಗದರ್ಶಿ ಇದನ್ನೂ ತಪ್ಪೆಂದು ಎಣಿಸುತ್ತದೆ. ಅದರ ಮಾದರಿಯಲ್ಲೇ 60 ಪದಕ್ಕೆ ಏಳು ತಪ್ಪು, ಅಂದರೆ ಶೇ 88, ಮಗುವಿಗೆ ಓದು ಕಠಿಣ ಎಂಬ ತೀರ್ಮಾನ. ಆ ಏಳರಲ್ಲಿ ಐದು ಬರೀ ಆಡುಮಾತು! ತೆಗೆದು ನೋಡಿದರೆ ಶೇ 96ಕ್ಕೂ ಮೇಲೆ. ಸರಾಗ ಓದುವ ಮಗುವಿನ ಮೇಲೆ ಹಿಂದುಳಿದ ಹಣೆಪಟ್ಟಿ ಬೀಳುವುದು ಹೀಗೆ. ಮನೆಯಲ್ಲಿ ಲಂಬಾಣಿ, ಉರ್ದು, ಮರಾಠಿ ಮಾತಾಡುವ ಮಕ್ಕಳಿಗಂತೂ ಮನೆಮಾತಿನ ಕಾಲಂ ಬೇಕೇ ಬೇಕು. ಇದರಲ್ಲಿ ಇಲ್ಲ.

ಅಸೈನ್‌ಮೆಂಟಿನ ‘ವಿಶ್ಲೇಷಿಸಿ’ ಎಂಬ ಪದಕ್ಕೆ ಮಾರ್ಗದರ್ಶಿಯಲ್ಲಿ ವಿವರಣೆಯೂ ಇಲ್ಲ. ‘ಮಗು ಎರಡು ತಪ್ಪು ಮಾಡಿತು’ ಅನ್ನುವುದು ಎಣಿಕೆ. ‘ಹಕ್ಕಿಗೆ ಹಕಿ, ಬೆಲ್ಲಕ್ಕೆ ಬೆಲ ಎಂದಿತು, ಎರಡರಲ್ಲೂ ಒತ್ತಕ್ಷರ ಬಿಟ್ಟಿದೆ, ಗುಣಿತಾಕ್ಷರ ಸರಿ ಇದೆ’ ಅನ್ನುವುದು ವಿಶ್ಲೇಷಣೆ. ಪಾಠಯೋಜನೆ ಅಲ್ಲಿಂದಲೇ ಹುಟ್ಟಬೇಕು. ಇಲ್ಲಿನ ಮಾದರಿಯಲ್ಲಿ ಆಡುಮಾತು ಬಿಟ್ಟು ಉಳಿದ ತಪ್ಪುಗಳು ಒತ್ತಕ್ಷರದವು, ಪಾಠಯೋಜನೆ ಸ್ವರಗಳದ್ದು. ನಕಲು ಮಾಡಿದವರನ್ನು ಉಪನ್ಯಾಸಕರು ಇಲ್ಲೇ ಹಿಡಿಯುತ್ತಾರೆ.

ಮಕ್ಕಳ ಬುನಾದಿ ಓದು, ಲೆಕ್ಕಕ್ಕಾಗಿ ಇರುವ ಕೇಂದ್ರದ ನಿಪುಣ್ ಭಾರತ್ ಯೋಜನೆಯ ಗುರಿಯನ್ನು, ಅಂದರೆ ಮೂರನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ, ಅರ್ಥಸಹಿತ, ಸರಿಯಾಗಿಯೇ ಕೊಟ್ಟಿದ್ದಾರೆ. ಆದರೆ ವೇಗ, ನಿಖರತೆ ಎರಡನ್ನೂ ಒಂದೇ ಕಾಲಂನಲ್ಲಿ ತುರುಕಿದ್ದಾರೆ. ಬೇರೆ ಬೇರೆ ಬರೆಯಿರಿ.

ಮಾರ್ಗದರ್ಶಿಯ ಹಿಂಬದಿಯಲ್ಲಿರುವ ಗದ್ಯವನ್ನು ಮಗುವಿಗೆ ಓದಲು ಕೊಡಬೇಡಿ. ಝೆರಾಕ್ಸಿನ ಝೆರಾಕ್ಸ್ ಆಗಿ ಒತ್ತುಗಳು ಮಸಿಯಲ್ಲಿ ಮುಚ್ಚಿವೆ, ಮುದ್ರಣದ ತಪ್ಪು ಮಗುವಿನ ಲೆಕ್ಕಕ್ಕೆ ಬೀಳುತ್ತದೆ. ಕೈಯಿಂದ ದೊಡ್ಡದಾಗಿ ಬರೆದರೂ ಸಾಕು.

ಕೊಳ್ಳುವುದಾದರೆ ಮೊದಲ ಮೂರು ಪುಟಕ್ಕಾಗಿ ಕೊಳ್ಳಿ. ಆಡುಮಾತಿನ ರೂಪವನ್ನು ತಪ್ಪೆಂದು ಎಣಿಸಬೇಕೇ, ಮಗುವಿನ ಮುಂದೆ ಕೂತು ಗುರುತು ಹಾಕಿದ ಮೂಲ ಹಾಳೆಯನ್ನೇ ಲಗತ್ತಿಸಬೇಕೇ ಎಂಬುದನ್ನು ಶಾಲೆಗೆ ಹೋಗುವ ಮುಂಚೆಯೇ ಉಪನ್ಯಾಸಕರಲ್ಲಿ ಕೇಳಿಕೊಳ್ಳಿ. ಶುದ್ಧಪ್ರತಿ ಮಾಡಿದರೂ ಮೂಲ ಹಾಳೆ ಹರಿಯಬೇಡಿ, ಅದರ ಮೇಲೆ ಮಗುವಿನ ಹೆಸರೂ ಬೇಡ.