ಮಕ್ಕಳಾಗಲಿಲ್ಲವೆಂದು ಆ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡಿ

ಸೋಮವಾರಪೇಟೆ ಕಡೆ ಐದು ಎಕರೆ ಕಾಫಿ ತೋಟ ಇಟ್ಟುಕೊಂಡವನು ನಾನು. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಲಿಲ್ಲ. ಆ ಮೂರು ವರ್ಷದಲ್ಲಿ ನನ್ನ ಹೆಂಡತಿ ಮೂವರು ವೈದ್ಯರನ್ನು ಕಂಡಳು. ಗರ್ಭನಾಳಕ್ಕೆ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇಗೆ ಹಲ್ಲು ಕಚ್ಚಿ ಮಲಗಿದಳು. ಅವ್ವ ಹೇಳಿದ ಹರಕೆಗಳನ್ನೆಲ್ಲ ತೀರಿಸಿದಳು. ನಾನು ಹೊರಗಿನ ಬೆಂಚಿನಲ್ಲಿ ಪತ್ರಿಕೆ ಓದುತ್ತಿದ್ದೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕೊರತೆಯೂ ಸೇರಿರುತ್ತದೆ. ಅದನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲು ಹೋಗಲಿಲ್ಲ.

ಕೊನೆಗೆ 2022ರ ಡಿಸೆಂಬರಿನಲ್ಲಿ ನನ್ನ ವೀರ್ಯ ಪರೀಕ್ಷೆಗೆ ಚೀಟಿ ಬರೆದರು. ಮಡಿಕೇರಿಯ ಒಂದು ಲ್ಯಾಬಿಗೆ ಹೋದರೆ ಅಲ್ಲಿನ ಶೌಚಾಲಯದ ಬಾಗಿಲಿಗೆ ಚಿಲಕವೇ ಇಲ್ಲ. ಹೊರಗೆ ಸಾಲಾಗಿ ಜನ. 'ಮನೆಯಿಂದಲೇ ತರುತ್ತೇನೆ' ಎಂದೆ. ಕೌಂಟರಿನಲ್ಲಿದ್ದವನು ಡಬ್ಬಿ ಕೊಟ್ಟು ತಲೆಯಾಡಿಸಿದ, ಅಷ್ಟೇ. ಮರುದಿನ ಬೆಳಿಗ್ಗೆ ಆ ಡಬ್ಬಿಯನ್ನು ಕೈಚೀಲದಲ್ಲಿ ಛತ್ರಿಯ ಪಕ್ಕ ಇಟ್ಟುಕೊಂಡು, ಕಿಟಕಿ ಮುಚ್ಚದ ಬಸ್ಸಿನಲ್ಲಿ, ಮಂಜಿನಲ್ಲಿ ಬಂದೆ. ಪ್ರಯಾಣ ಒಂದೂವರೆ ಗಂಟೆ, ಸರದಿಯಲ್ಲಿ ಇನ್ನರ್ಧ ಗಂಟೆ. ಮಾದರಿಯನ್ನು ಮೈಶಾಖದಲ್ಲಿಟ್ಟು ಒಂದು ಗಂಟೆಯೊಳಗೆ ತಲುಪಿಸಬೇಕು, ಅದಕ್ಕೆ ಮೊದಲು ಎರಡರಿಂದ ಏಳು ದಿನ ಮಾತ್ರ ವೀರ್ಯ ಹೊರಹೋಗದಂತೆ ಬಿಡುವು ಕೊಟ್ಟಿರಬೇಕು ಎಂಬುದು ಗೊತ್ತಾಗಿದ್ದು ಎಷ್ಟೋ ತಿಂಗಳ ನಂತರ.

ವರದಿ ಬಂತು. ಮಿಲಿಲೀಟರಿಗೆ 1.1 ಕೋಟಿ ವೀರ್ಯಾಣು, ಚಲನೆ ಶೇ 6, ಸಹಜ ಆಕಾರದವು ಶೇ 5.

ಆಗ ವೈದ್ಯರ ಬಳಿಗೆ ಮರಳಿ ಹೋಗಬೇಕಿತ್ತು. ನನಗೆ ನಾಚಿಕೆ. ಬಸ್ ನಿಲ್ದಾಣದ ಗೋಡೆಯಲ್ಲಿ ಕೆಂಪು ಅಕ್ಷರದ ಚೀಟಿ ಕಂಡಿತ್ತು: ಗುಪ್ತರೋಗ, ನರದೌರ್ಬಲ್ಯ, ಸಂತಾನಹೀನತೆಗೆ ಖಚಿತ ಪರಿಹಾರ, ಎರಡನೇ ಮತ್ತು ನಾಲ್ಕನೇ ಶನಿವಾರ, ಲಾಡ್ಜಿನ ಇಂಥ ಕೊಠಡಿ. ಹೋದೆ. ಆಸಾಮಿ ನಾಡಿ ಹಿಡಿದ, ವರದಿ ನೋಡಿದ, ನಿಟ್ಟುಸಿರು ಬಿಟ್ಟ. 'ನೋಡು ತಮ್ಮಾ, ನೂರರಲ್ಲಿ ತೊಂಬತ್ತೈದು ವಿಕಾರ. ಬೀಜವೇ ಹುಳುಕು' ಎಂದ. ಅಲ್ಲಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಸಹಜ ಆಕಾರದವು ನೂರಕ್ಕೆ ನಾಲ್ಕಿದ್ದರೆ ಕೆಳಗಿನ ಮಿತಿ ದಾಟಿದಂತೆ. ನನಗೆ ಐದಿತ್ತು. ಅವನು ಹೆದರಿಸಿದ್ದು ನನ್ನ ವರದಿಯಲ್ಲಿ ಸರಿಯಾಗಿದ್ದ ಒಂದೇ ಅಂಕಿಯನ್ನು ತೋರಿಸಿ!

ಹದಿನೈದು ದಿನಕ್ಕೊಂದರಂತೆ ಒಂಬತ್ತು ಇಂಜೆಕ್ಷನ್, ಒಂದಕ್ಕೆ 3,000. ಪುಡಿ, ಲೇಹ್ಯಕ್ಕೆ 14,000. ಒಟ್ಟು 41,000 ರೂಪಾಯಿ, ಆ ವರ್ಷ ಮೆಣಸು ಮಾರಿ ಬಂದದ್ದರಲ್ಲಿ ದೊಡ್ಡ ಪಾಲು. ಸೀಸೆಯ ಚೀಟಿಯನ್ನು ಅವನು ಉಗುರಿನಿಂದ ಕೆರೆದು ತೆಗೆಯುತ್ತಿದ್ದ. ಒಂದು ಸಲ ಯಾರೋ ಬಾಗಿಲು ತಟ್ಟಿದಾಗ ಅವನು ಆ ಕಡೆ ತಿರುಗಿದ. ಮೇಜಿನ ಮೇಲಿದ್ದ ಖಾಲಿ ಸೀಸೆಯನ್ನು ನಾನು ಜೇಬಿಗೆ ಹಾಕಿಕೊಂಡೆ. ಸಂಶಯದಿಂದಲ್ಲ, ಇಷ್ಟು ಒಳ್ಳೆಯ ಔಷಧಿಯ ಹೆಸರು ಗೊತ್ತಿರಲಿ ಎಂದು.

ಒಳ್ಳೆಯದು ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಮೈಯಲ್ಲಿ ಕಸುವು ಬಂತು, ಆಸೆ ಹೆಚ್ಚಿತು, ಮೆಣಸಿನ ಏಣಿ ಹೊತ್ತರೂ ದಣಿವಿಲ್ಲ. ವೃಷಣಗಳು ಮಾತ್ರ ಸಣ್ಣದಾದಂತೆ, ಮೆತ್ತಗಾದಂತೆ ಕಾಣುತ್ತಿದ್ದವು. 'ಉಷ್ಣ ಇಳಿಯುತ್ತಿದೆ' ಎಂದು ಸಮಾಧಾನ ಹೇಳಿದ. 2023ರ ಜೂನಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆ. ವೀರ್ಯಾಣುಗಳ ಸಂಖ್ಯೆ ಸೊನ್ನೆ. ಅವನು ಸ್ವರ್ಣಭಸ್ಮ ಸೇರಿಸೋಣ, ಇನ್ನು 18,000 ಆಗುತ್ತದೆ ಎಂದ. ಅವತ್ತು ರಾತ್ರಿ ಹೆಂಡತಿ ಒಂದೇ ಮಾತು ಹೇಳಿದಳು: 'ಮೂರು ವರ್ಷ ನಾನು ಹೋದ ಕಡೆ ಈಗ ನೀವೂ ಬನ್ನಿ.'

ಮೈಸೂರಿನ ಯುರಾಲಜಿ ವೈದ್ಯರು ಸೀಸೆ ನೋಡಿದ ಕೂಡಲೇ ಕನ್ನಡಕ ತೆಗೆದರು. ಟೆಸ್ಟೋಸ್ಟೆರಾನ್ ಎನಾಂತೇಟ್, 250 ಮಿಲಿಗ್ರಾಂ; ಅಂದರೆ ಗಂಡಸಿನ ಹಾರ್ಮೋನು. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ. ಮಕ್ಕಳು ಬೇಕೆನ್ನುವವರಿಗೆ ಕೊಡಲೇಬಾರದ್ದು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ಕಳಿಸಿದರೆ ಮಾತ್ರ ವೃಷಣ ಕೆಲಸ ಮಾಡುತ್ತದೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದು ರಕ್ತದಲ್ಲಿ ತುಂಬಿದಾಗ, ಸಾಕಷ್ಟಿದೆ ಎಂದು ಆ ಗ್ರಂಥಿ ಸುಮ್ಮನಾಗುತ್ತದೆ. ಗಂಡಸುತನ ಏರಿದಂತೆ ಅನ್ನಿಸುತ್ತಿರುವಾಗಲೇ ವೀರ್ಯಾಣು ತಯಾರಿ ನಿಂತಿರುತ್ತದೆ. ನನ್ನ ರಕ್ತದಲ್ಲಿ ಆ ಎರಡೂ ಹಾರ್ಮೋನುಗಳು ತಳ ಕಂಡಿದ್ದವು. ಜಿಮ್‌ಗೆ ಹೋಗುವ ಹುಡುಗರು ಮೈ ಕಟ್ಟಲು ಹಾಕಿಸಿಕೊಳ್ಳುವ ಇಂಜೆಕ್ಷನ್‌ಗಳ ಪರಿಣಾಮವೂ ಇದೇ ಎಂದು ಅವರು ಹೇಳಿದರು. ಕುಶಾಲನಗರ, ಗೋಣಿಕೊಪ್ಪದ ಹುಡುಗರು ಇದನ್ನು ಓದುತ್ತಿದ್ದರೆ ಕಿವಿಗೆ ಹಾಕಿಕೊಳ್ಳಲಿ.

ಮೊದಲ ವರದಿಯನ್ನೂ ಅವರು ಕೆದಕಿದರು. ಅದಕ್ಕೆ ಮುಂಚಿನ ಮೂರು ತಿಂಗಳಲ್ಲಿ ಜ್ವರ ಬಂದಿತ್ತೇ? ಅಕ್ಟೋಬರಿನಲ್ಲಿ ಎಂಟು ದಿನ ಸುಡುವ ಜ್ವರ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಹಾಗಾಗಿ ಅಕ್ಟೋಬರಿನ ಜ್ವರದ ಲೆಕ್ಕ ಡಿಸೆಂಬರಿನ ಡಬ್ಬಿಯಲ್ಲಿ ಸಿಕ್ಕಿರಬಹುದು. ಚಲನೆ ಕಡಿಮೆ ಬಂದದ್ದಕ್ಕೆ ಬಸ್ಸಿನ ಚಳಿಯೇ ಸಾಕು. ಒಂದೇ ಪರೀಕ್ಷೆಯ ಮೇಲೆ ತೀರ್ಮಾನ ಮಾಡಬಾರದು, ಕೆಲವು ವಾರ ಬಿಟ್ಟು ಇನ್ನೊಂದು ಮಾಡಿಸಲೇಬೇಕು ಎಂದರು. ಆ ಕೈಪಿಡಿಯಲ್ಲಿ ಕೆಳಗಿನ ಮಿತಿ ಎಂದು ಬರೆದಿರುವ ಮಿಲಿಲೀಟರಿಗೆ 1.6 ಕೋಟಿ, ಶೇ 42 ಚಲನೆ ಕೂಡ ಪಾಸು-ಫೇಲಿನ ಗೆರೆಯಲ್ಲವಂತೆ. ಅದಕ್ಕಿಂತ ಕೆಳಗಿದ್ದವರೂ ತಂದೆಯಾಗಿದ್ದಾರೆ.

ನಿಲ್ಲಿಸಿ ಕೈಯಿಂದ ಮುಟ್ಟಿ ಪರೀಕ್ಷಿಸಿದರು, ವೃಷಣದ ಮೇಲೆ ರಕ್ತನಾಳ ಉಬ್ಬಿದೆಯೇ ಎಂದು. ವೆರಿಕೋಸೀಲ್ ಎನ್ನುವ ಆ ತೊಂದರೆ ನೂರು ಗಂಡಸರಲ್ಲಿ ಹದಿನೈದು ಮಂದಿಗೆ ಇರುತ್ತದಂತೆ, ನನಗಿರಲಿಲ್ಲ. ಲಾಡ್ಜಿನವನು ಐದು ತಿಂಗಳಲ್ಲಿ ಮುಟ್ಟಿದ್ದು ನನ್ನ ಮಣಿಕಟ್ಟು ಮತ್ತು ದುಡ್ಡು. ಸ್ನಾನದ ವಿಷಯ ಕೇಳಿದಾಗ ಹೆಂಡತಿ ನಕ್ಕೇ ಬಿಟ್ಟಳು. ಮಳೆಗಾಲದಲ್ಲಿ ಹಂಡೆಯ ಕುದಿನೀರನ್ನು ಸೊಂಟಕ್ಕೆ ಅರ್ಧ ಗಂಟೆ ಹುಯ್ದುಕೊಳ್ಳುವವನು ನಾನು. ವೃಷಣ ಮೈಗಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು, ಅದಕ್ಕೇ ಅದು ಹೊರಗಿರುವುದು. ಕಾಂಡಕೊರಕಕ್ಕೆ ಔಷಧಿ ಹೊಡೆಯುವಾಗ ಕೈಗವಸು, ಮುಖಗವಸು ಹಾಕಿಕೊಳ್ಳಲು ಹೇಳಿದರು. ಬೀಡಿ ಬಿಡಿಸಿದರು. ಬಿಟ್ಟಿದ್ದೇನೆ, ಹೆಚ್ಚು ಕಡಿಮೆ.

ಇಂಜೆಕ್ಷನ್ ನಿಲ್ಲಿಸಿದ ಮೇಲೆ ಸರಿಯಾಗಲು ಆರು ತಿಂಗಳಿಂದ ವರ್ಷ, ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತದೆ; ಪೂರ್ತಿ ಸರಿಯಾಗದವರೂ ಇದ್ದಾರೆ. 2023ರ ಡಿಸೆಂಬರಿನಲ್ಲಿ ಮಿಲಿಲೀಟರಿಗೆ 20 ಲಕ್ಷ, ಮರುವರ್ಷ ಜೂನಿನಲ್ಲಿ 2.4 ಕೋಟಿ ಬಂತು. ಮಗು ಇನ್ನೂ ಆಗಿಲ್ಲ. ಹೆಂಡತಿಗೆ ಈಗ ಮೂವತ್ತೈದು. ನಾನು ಹಾಳು ಮಾಡಿದ ಒಂದೂವರೆ ವರ್ಷ ಅವಳ ವಯಸ್ಸಿನಲ್ಲೂ ಕಳೆದಿದೆ.

ಇಂಥ ಜಾಹೀರಾತುಗಳನ್ನು ತಡೆಯಲು 1954ರಿಂದಲೇ ಕಾನೂನಿದೆ. ಹೋದ ಶುಕ್ರವಾರ ಮಡಿಕೇರಿ ಸಂತೆಯಲ್ಲಿ ಒಬ್ಬ ಹುಡುಗ ನನ್ನ ಕೈಗೂ ಒಂದು ಕೆಂಪು ಚೀಟಿ ತುರುಕಿದ. ಲಾಡ್ಜ್ ಬೇರೆ, ಮೊಬೈಲ್ ನಂಬರ್ ಬೇರೆ. ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ಹಾಗೆಯೇ ಇತ್ತು.